ಪಾಚಿ ಮೇಯುತ್ತಿದ್ದ ಏಳು ಹುಳು

ಯುದ್ಧದ ವರ್ಷಗಳಲ್ಲಿ ನಾನು ಮಳವಳ್ಳಿಯಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದೆ. ನನ್ನ ಊರು ಮಂಗಳೂರು ಕಡೆಯ ಕಡಲ ದಂಡೆ. ಮದುವೆಯಾಗಿರಲಿಲ್ಲ. ಒಬ್ಬ ಅಜ್ಜಿಯ ಮನೆಯ ಮುಂದಿನ ಕೋಣೆಯಲ್ಲಿ ಬಾಡಿಗೆಗಿದ್ದು, ಅನ್ನ ನಾನೇ ಬೇಯಿಸಿಕೊಳ್ಳುತ್ತಿದ್ದೆ. ಮುದ್ದೆ ಉಣ್ಣಲು ಬನ್ನಿ ಎಂದು ಅಜ್ಜಿ ದಿನಾ ಕರೆಯುತ್ತಿದ್ದಳು, ಹೊಟ್ಟೆ ತುಂಬಿದೆ ಎಂದು ನಾನು ದಿನಾ ಸುಳ್ಳು ಹೇಳುತ್ತಿದ್ದೆ. ಮಳವಳ್ಳಿಯವರ ಮಾತು ನನಗೆ ಜಗಳದಂತೆ ಕೇಳುತ್ತಿತ್ತು. ನನ್ನ ಮಾತು ಅವರಿಗೆ ಪುಸ್ತಕ ಓದಿದಂತೆ ಕೇಳುತ್ತಿತ್ತಂತೆ. ಎರಡು ವರ್ಷ ಕಳೆದರೂ ಗೆಳೆಯನೆಂದು ಒಬ್ಬನಿರಲಿಲ್ಲ.

ಮಕ್ಕಳಿಗೆ ತೋರಿಸುವ ನೆಪದಲ್ಲಿ ನನ್ನೂರಿನಿಂದ ಒಂದು ಡಬ್ಬ ಕಡಲ ನೀರನ್ನೂ ಒಂದು ಚೂರು ಬಂಡೆಯನ್ನೂ ತಂದು, ಅಗಲ ಬಾಯಿಯ ಗಾಜಿನ ಭರಣಿಗೆ ಹಾಕಿ, ನನ್ನ ಕೋಣೆಯ ಕಿಟಕಿಯಲ್ಲಿಟ್ಟೆ. ಮಕ್ಕಳು ಬಂದು ಒಂದು ದಿನ ನೋಡಿದರು. ಆಮೇಲೆ ನೋಡುತ್ತಿದ್ದವನು ನಾನೊಬ್ಬನೇ. ಬಿಸಿಲಿಗೆ ತಿಂಗಳೊಳಗೆ ಗಾಜಿಗೆಲ್ಲ ಹಸಿರು ಪಾಚಿ ಕಟ್ಟಿ ಒಳಗಿನ ಕಲ್ಲು ಕಾಣದಾಯಿತು.

ಅಮ್ಮನ ವರ್ಷಾಬ್ದಿಕಕ್ಕೆ ಹೋದಾಗ, ಬಂಡೆಯ ಮೇಲಿನ ಪಾಚಿ ಮೇಯುವ ಕಪ್ಪು ಬಸವನಹುಳುಗಳಲ್ಲಿ ಏಳನ್ನು ಆರಿಸಿ, ಒದ್ದೆ ಗೋಣಿಯಲ್ಲಿ ಸುತ್ತಿ ತಂದೆ. ಪೆಟ್ರೋಲು ಸಿಗದ ಆ ದಿನಗಳಲ್ಲಿ ಇದ್ದಿಲಿನಿಂದ ಓಡುತ್ತಿದ್ದ ಬಸ್ಸು ಘಟ್ಟದಲ್ಲಿ ಮೂರು ಸಲ ನಿಂತಿತು. ಹುಳುಗಳು ಬಾಯಿ ಮುಚ್ಚಿಕೊಂಡು ಸಹಿಸಿದವು. ಅಣ್ಣ ಅಷ್ಟರಲ್ಲಿ ಊರಿನ ಮನೆ ಮಾರಿದ್ದ. ಇನ್ನು ನಾನು ಊರಿಗೆ ಹೋಗಲು ಕಾರಣವೇ ಇರಲಿಲ್ಲ. ಈ ಏಳು ಸತ್ತರೆ ಬೇರೆ ತರುವಂತಿರಲಿಲ್ಲ.

ವಾರದಲ್ಲೇ ಗಾಜಿನ ಮೇಲೆ ದಾರಿಗಳು ಮೂಡಿದವು. ಹುಳು ಪಾಚಿ ಕೆರೆದು ತಿನ್ನುತ್ತಾ ಹೋದಂತೆ ಅದರ ಹಿಂದೆ ಗಾಜು ತಿಳಿಯಾಗುತ್ತಿತ್ತು. ಸ್ಕೂಲಿನಿಂದ ಬಂದವನು ಅಂಗಿ ಬಿಚ್ಚುವ ಮೊದಲು ಏಳೂ ಇವೆಯೇ ಎಂದು ನೋಡುತ್ತಿದ್ದೆ. ಇವತ್ತು ಎಲ್ಲಿಯವರೆಗೆ ಬಂದಿರಿ ಎಂದು ವಿಚಾರಿಸುತ್ತಿದ್ದೆ. ದಿನಕ್ಕೆ ನಾನು ಮನಸ್ಸಿಟ್ಟು ಆಡುತ್ತಿದ್ದ ಮಾತು ಅಷ್ಟೇ.

ಬೇಸಿಗೆಯಲ್ಲಿ ಭರಣಿಯ ನೀರು ಇಳಿಯತೊಡಗಿತು. ಬರೀ ಬಾವಿಯ ನೀರು ಬೆರೆಸಿದರೆ ನನ್ನ ಕಡಲು ಕೆಡುತ್ತದೆಂದು, ಉಪ್ಪು ಕರಗಿಸಿದ ನೀರನ್ನೇ ತುಂಬುತ್ತಾ ಬಂದೆ. ಹುಳುಗಳು ನೀರು ಬಿಟ್ಟು ಹತ್ತಿ ಭರಣಿಯ ಕಂಠಕ್ಕೆ ಅಂಟಿಕೊಂಡವು. ಬೆರಳಿನಿಂದ ಒಳಕ್ಕೆ ತಳ್ಳಿದೆ. ಮತ್ತೆ ಹತ್ತಿದವು. ಉಪ್ಪು ಸಾಲದೇನೋ ಎಂದು ಇನ್ನೊಂದು ಹಿಡಿ ಹಾಕಿದೆ. ಮೊದಲು ಎರಡು ಸತ್ತವು. ಆಮೇಲೆ ಒಂದರ ಹಿಂದೊಂದು ಇನ್ನೂ ನಾಲ್ಕು.

ವಾಸನೆಗೆ ಅಜ್ಜಿ ಬಾಗಿಲಿಗೆ ಬಂದಳು.

“ಏನ್ ಮೇಷ್ಟ್ರೇ ಇದು ನಾತ?”

ನಡೆದದ್ದನ್ನು ಹೇಳಿದೆ. ನೀರು ಇಳಿದಾಗಲೆಲ್ಲ ಉಪ್ಪುನೀರು ತುಂಬಿದ್ದನ್ನೂ ಹೇಳಿದೆ.

“ಸಾರು ಬತ್ತೋದ್ರೆ ನೀರುಯ್ತೀವಾ, ಉಪ್ಪಾಕ್ತೀವಾ? ನೀರೋದ್ರೂ ಉಪ್ಪು ಅಲ್ಲೇ ಇರ್ತದಲ್ವಾ? ಐಕ್ಳಿಗೆ ಅದೇನ್ ಯೇಳ್ಕೊಡ್ತೀರೋ ಕಾಣೆ.”

ಹಿಂದಿನ ವಾರವಷ್ಟೇ ಮಕ್ಕಳಿಗೆ ಹಲಗೆಯ ಮೇಲೆ ಬರೆದುಕೊಟ್ಟಿದ್ದೆ: ನೀರು ಆವಿಯಾಗುತ್ತದೆ, ಉಪ್ಪು ಉಳಿಯುತ್ತದೆ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ. ತಿಳಿಯದೆ ಮಾಡಿದ್ದಲ್ಲ. ಈ ಊರಿನ ನೀರು ಇದ್ದಂತೆಯೇ ಅದರೊಳಗೆ ಬೀಳಬಾರದೆಂಬ ಹಟ. ಆ ಹಟಕ್ಕೆ ಆರು ಜೀವ ಹೋದವು. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಸತ್ತವನ್ನು ತೆಗೆದು, ಅರ್ಧ ನೀರು ಚೆಲ್ಲಿ, ಅಜ್ಜಿಯ ಹಿತ್ತಿಲ ಬಾವಿಯಿಂದ ಸೇದಿ ತಂದು ಲೋಟ ಲೋಟವಾಗಿ ಎರಡು ದಿನ ಬೆರೆಸಿದೆ. ಮೂರನೆಯ ದಿನ, ಉಳಿದಿದ್ದ ಒಂದು ಹುಳು ಕಂಠದಿಂದ ಇಳಿದು ನೀರಿಗೆ ಸೇರಿತು. ಸಂಜೆಯ ಹೊತ್ತಿಗೆ ಪಾಚಿಯಲ್ಲಿ ಬೆರಳುದ್ದದ ದಾರಿ ಮಾಡಿತ್ತು.

ಅವತ್ತು ಅಜ್ಜಿ ಕರೆದಾಗ ತಟ್ಟೆ ಹಿಡಿದುಕೊಂಡು ಹೋದೆ. ಅವಳು ಏನೂ ಆಗಿಲ್ಲವೆಂಬಂತೆ ಮುದ್ದೆ ಇಕ್ಕಿದಳು.

“ಬದುಕ್ತಾ ನಿಮ್ ಉಳ?”

“ಒಂದು ಬದುಕಿತು, ಅಜ್ಜಿ.”

“ಒಂದೇಯಾ? ಬ್ಯಾಸ್ರ ಆಯ್ತದೆ ಕಣಪ್ಪ ಅದ್ಕೆ.”

ತುತ್ತು ಬಾಯಲ್ಲೇ ತಿರುಗಿತು, ಕಣ್ಣು ತುಂಬಿತು. ಮುದ್ದೆ ಬಿಸಿ ಎಂದೆ.

“ಅಗೀಬ್ಯಾಡಿ, ನುಂಗಿ,” ಎಂದು ಅಜ್ಜಿ ಇನ್ನೊಂದು ಸೌಟು ಸಾರು ಬಿಟ್ಟಳು.