ಕ್ಲಿಫ್ ಆಕ್ರಾಯ್ಡ್ ಕೂದಲಿನ ಕೆಲಸ ಕಲಿತದ್ದು

ಲೀಡ್ಸ್ ಪಟ್ಟಣದ ಬಸ್ಸುಗಳನ್ನು ಅರ್ಧ ಆಯುಷ್ಯ ಓಡಿಸಿ ನಿವೃತ್ತನಾದ ಕ್ಲಿಫ್ ಆಕ್ರಾಯ್ಡ್‌ನ ತಲೆಯ ಮೇಲೆ ಹುಡುಕಿದರೂ ಒಂದು ಕೂದಲು ಸಿಗುತ್ತಿರಲಿಲ್ಲ. ಅಂಥವನು ಪೇಟೆ ನಡುವಿನ ಕಾಲೇಜಿನಲ್ಲಿ ಕೇಶಾಲಂಕಾರ ಕಲಿಯಲು ಸೇರಿದ್ದಾನೆಂಬ ಸುದ್ದಿ ಡಿಪೋ ಮುಟ್ಟಿದಾಗ ಅಲ್ಲಿದ್ದವರಿಗೆ ಕುಡಿಯುತ್ತಿದ್ದ ಚಹಾ ನೆತ್ತಿಗೇರಿತು.

ಕಾರಣ ಅವನ ಹೆಂಡತಿ ಬೆರಿಲ್. ಕೀಲುನೋವಿನಿಂದ ಅವಳ ಕೈ ಕಿವಿಯ ಮೇಲಕ್ಕೆ ಏಳುತ್ತಿರಲಿಲ್ಲ. ಪ್ರತಿ ಶುಕ್ರವಾರ ಅವಳ ತಲೆಗೂದಲು ಸಿಂಗರಿಸಿಕೊಡುತ್ತಿದ್ದ ಬೀದಿಕೊನೆಯ ಅಂಗಡಿಯಾಕೆ ಬಾಗಿಲು ಮುಚ್ಚಿ ಸ್ಪೇನಿಗೆ ಹೊರಟುಹೋಗಿದ್ದಳು. ಒಂದು ದಿನ ಕ್ಲಿಫ್ ತಾನೇ ಅವಳ ಕೂದಲನ್ನು ಪ್ಲಾಸ್ಟಿಕ್ ಕೊಳವೆಗಳಿಗೆ ಸುತ್ತಿ ಸುರುಳಿ ಮಾಡಲು ಹೋದ. ಒಂದು ಸುರುಳಿ ಎಂಥಾ ಸಿಕ್ಕಾಯಿತೆಂದರೆ ಅಡಿಗೆಮನೆ ಕತ್ತರಿ ತಂದು ಬಿಡಿಸಬೇಕಾಯಿತು. ಬೆರಿಲ್ ಕನ್ನಡಿ ನೋಡಿಕೊಂಡು, "ಕುರಿ ಬಂದು ಮೇಯ್ಕೊಂಡು ಹೋದಂಗಿದೆಯಲ್ಲೋ ಮಾರಾಯಾ!" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು.

"ನಗು, ನಗು. ಕಲ್ತುಕೊಂಡೇ ಬರ್ತೀನಿ ನೋಡ್ತಿರು," ಎಂದ ಕ್ಲಿಫ್.

ತರಗತಿಯಲ್ಲಿ ಎಲ್ಲ ಹದಿನೇಳು ಹದಿನೆಂಟರ ಹುಡುಗಿಯರು. ಅವನು ಒಳಗೆ ಕಾಲಿಡುತ್ತಲೇ ಟೇಗನ್ ಎಂಬ ಬಾಯಿಬಡುಕಿ, "ಅಜ್ಜಾ, ಕೆಟ್ಟಿರೋ ಡ್ರೈಯರ್ ಆ ಮೂಲೇಲಿದೆ," ಎಂದು ಕೈ ತೋರಿಸಿದಳು.

"ರಿಪೇರಿಗಲ್ಲಮ್ಮ, ನಾನೂ ಕಲಿಯೋಕೇ ಬಂದಿರೋದು."

"ಅಯ್ಯಯ್ಯೋ! ಮನೇಲಿ ಅಭ್ಯಾಸ ಯಾವ ತಲೆ ಮೇಲೆ ಮಾಡ್ತೀರಾ?"

ಹುಡುಗಿಯರೆಲ್ಲ ಗೊಳ್ಳೆಂದರು. ಪಾಠ ಹೇಳುವ ಫರ್ಜಾನಾ ಮೇಡಂ ಪಕ್ಕದ ಊರು ಬ್ರಾಡ್‌ಫರ್ಡಿನವಳು, ಬಿರುಸಿನ ಹೆಂಗಸು. "ಸಾಕು ಹಲ್ಲು ಕಿರಿದಿದ್ದು! ಕ್ಲಿಫ್, ನೀವು ಬನ್ನಿ, ಏಪ್ರನ್ ಕಟ್ಕೊಳ್ಳಿ," ಎಂದಳು. ಅಭ್ಯಾಸಕ್ಕೆಂದು ಉದ್ದ ಕೂದಲಿನ ಒಂದು ರಬ್ಬರ್ ತಲೆ ಅವನ ಕೈಗೆ ಬಂತು. ಹುಡುಗಿಯರು ಅದಕ್ಕೆ ಡೋರೀನ್ ಎಂದು ಹೆಸರಿಟ್ಟರು.

ಡೋರೀನಳನ್ನು ಮನೆಗೊಯ್ಯುವುದೇ ಒಂದು ಫಜೀತಿ. ಅವಳು ಯಾವ ಚೀಲದಲ್ಲೂ ಪೂರ್ತಿ ಹಿಡಿಸುತ್ತಿರಲಿಲ್ಲ. ಒಂದು ಸಂಜೆ ಅವನು ಹತ್ತಿದ ಬಸ್ಸಿನ ಚಾಲಕ ಅವನ ಹಳೆಯ ಗೆಳೆಯ ಸುಖದೇವ್ ಬೈನ್ಸ್.

"ನಿನ್ನ ಹತ್ರ ಪಾಸಿದೆ ಕಣೋ. ಈಯಮ್ಮನ ಟಿಕೆಟ್ ಯಾರಪ್ಪ ತಗೋತಾನೆ?"

"ಅವಳು ಮಡಿಲ ಮಗು. ಗಾಡಿ ಬಿಡೋ ಸುಮ್ನೆ!"

ಮುಂದಿನ ತಿರುವಿನಲ್ಲಿ ಅಡ್ಡ ಬಂದ ಸೈಕಲ್ ತಪ್ಪಿಸಲು ಸುಖದೇವ್ ಬ್ರೇಕ್ ಒತ್ತಿದ್ದೇ ತಡ, ಡೋರೀನ್ ಹಿಂದಿನ ಸೀಟಿನಲ್ಲಿದ್ದ ಚೀಲದಿಂದ ಹಾರಿ, ಸುರುಳಿಗಳ ಸಮೇತ ಬಸ್ಸಿನುದ್ದಕ್ಕೂ ಉರುಳುತ್ತಾ ಹೋಗಿ ಒಬ್ಬ ಮುದುಕಿಯ ಬೂಟಿನ ಮೇಲೆ ನಿಂತಳು. ಮುದುಕಿ ಕಿಟಾರನೆ ಕಿರುಚಿದಳು. ಆಮೇಲೆ ಕೂದಲು ಹಿಡಿದೆತ್ತಿ, ಕನ್ನಡಕ ಸರಿಮಾಡಿಕೊಂಡು ಸುತ್ತಲೂ ತಿರುಗಿಸಿ ನೋಡಿ, "ಸಡಿಲ ಆಗಿದೆಯಲ್ಲಪ್ಪಾ, ಇನ್ನೂ ಬಿಗಿ ಸುತ್ಬೇಕಿತ್ತು," ಎಂದಳು. ಬಸ್ಸಿಗೆ ಬಸ್ಸೇ ಬಿದ್ದು ಬಿದ್ದು ನಕ್ಕಿತು. ನಕ್ಕು ನಕ್ಕು ಬಂದ ಕಣ್ಣೀರಿನಲ್ಲಿ ರಸ್ತೆ ಕಾಣದೆ ಸುಖದೇವ್ ಗಾಡಿ ಪಕ್ಕಕ್ಕೆ ಹಾಕಿದ. ಕ್ಲಿಫ್ ಮಾತ್ರ ಗಂಭೀರವಾಗಿ ಮುದುಕಿಯ ಪಕ್ಕ ಕೂತು, ಬಿಗಿಯಾಗಿ ಸುತ್ತುವುದು ಹೇಗೆಂದು ಕೇಳಿಕೊಂಡ.

ಬೇಸಿಗೆ ಹೊತ್ತಿಗೆ ಪರೀಕ್ಷೆ ಬಂತು. ಕಾಲೇಜಿನ ಸಲೂನಿನಲ್ಲೇ, ನಿಜವಾದ ತಲೆಯ ಮೇಲೆ. ಕ್ಲಿಫ್ ಬೆರಿಲ್‌ಳನ್ನು ಕರೆತಂದ. ಹುಡುಗಿಯರು ಅವಳನ್ನು ಮಹಾರಾಣಿಯಂತೆ ಕೂರಿಸಿ ಚಹಾ, ಬಿಸ್ಕತ್ತು ತಂದುಕೊಟ್ಟರು. ತೊಳೆದರೂ ಬಿಚ್ಚಿಕೊಳ್ಳದಂಥ ಸುರುಳಿಯೆಲ್ಲ ಚೆಂದವಾಗಿ ಬಂತು. ಇನ್ನು ಬಿಳಿಗೂದಲಿಗೆ ತೆಳು ಬೆಳ್ಳಿಬಣ್ಣ ಹಚ್ಚಿ ಸ್ವಲ್ಪವೇ ಹೊತ್ತು ಬಿಟ್ಟು ತೊಳೆಯಬೇಕು. ಅವನು ಹಚ್ಚಿದ. ಅಷ್ಟರಲ್ಲಿ ಟೇಗನ್, "ಅಜ್ಜೀ, ಇವರು ನಿಮಗೆ ಹೇಗೆ ಗಂಟುಬಿದ್ರು?" ಎಂದು ಕೇಳಿಬಿಟ್ಟಳು.

"ಇವನ ಬಸ್ಸಲ್ಲಿ ಕೆಲಸಕ್ಕೆ ಹೋಗ್ತಿದ್ದೆ ಕಣಮ್ಮ. ಒಂದಿನ ನನ್ನ ಸ್ಟಾಪ್ ಬಂದ್ರೂ ನಿಲ್ಲಿಸ್ಲಿಲ್ಲ! ಶನಿವಾರ ಡಾನ್ಸಿಗೆ ಬರ್ತೀನಿ ಅನ್ನೋವರೆಗೂ ಇಳಿಸ್ಲಿಲ್ಲ ಈ ಪುಣ್ಯಾತ್ಮ."

"ಸುಳ್ಳು! ಬಾಗಿಲು ಸಿಕ್ಕಿಹಾಕ್ಕೊಂಡಿತ್ತು."

"ಬಾಗಿಲಂತೆ! ಬಸ್ ತುಂಬಾ ಜನ ನನ್ನ ಕಾಲು ಹಿಡೀತಿದ್ರು. ಒಪ್ಪಿಕೊಳ್ಳೇ ತಾಯಿ, ನಾವೂ ಕೆಲಸಕ್ಕೆ ಹೋಗ್ಬೇಕು ಅಂತ!"

ಸಲೂನೇ ಕೆಲಸ ಬಿಟ್ಟು ಕೇಳುತ್ತಾ ನಿಂತಿತು. ಫರ್ಜಾನಾ ಮೇಡಂಗೂ ಗಡಿಯಾರ ಮರೆತುಹೋಯಿತು. ಕೊನೆಗೆ ಕ್ಲಿಫ್ ಗಾಬರಿಬಿದ್ದು ತೊಳೆದಾಗ ಕೂದಲು ಬೆಳ್ಳಿಯಾಗಿರಲಿಲ್ಲ. ಅಪ್ಪಟ ನೇರಳೆ ಹಣ್ಣಿನ ಬಣ್ಣ.

ಕ್ಲಿಫ್‌ನ ಬೋಳುತಲೆಯ ಮೇಲೆ ಬೆವರು ಸಾಲಾಗಿ ಮೂಡಿತು. ಬೆರಿಲ್ ಕನ್ನಡಿಗೆ ಎಡಗೆನ್ನೆ ತೋರಿಸಿದಳು, ಬಲಗೆನ್ನೆ ತೋರಿಸಿದಳು.

"ಇಪ್ಪತ್ತು ವರ್ಷದವಳಿದ್ದಾಗ ಹಿಂಗೆ ಮಾಡಿಸ್ಕೋಬೇಕು ಅಂತ ಎಷ್ಟು ಆಸೆಯಿತ್ತು ಗೊತ್ತಾ? ನಮ್ಮಮ್ಮ ಕೊಂದೇಬಿಡ್ತಿದ್ಲು. ಕ್ಲಿಫ್, ಇದನ್ನೇನಾದ್ರೂ ತೆಗೆದ್ಯೋ, ನಿನ್ನ ಗತಿ ನೆಟ್ಟಗಿರಲ್ಲ!"

ಹುಡುಗಿಯರು ಕೂಗಿದ ಕೂಗಿಗೆ ಪಕ್ಕದ ಕೋಣೆಯಲ್ಲಿ ಗಾರೆಕೆಲಸ ಕಲಿಯುತ್ತಿದ್ದವರು ಕರಣೆ ಹಿಡಿದುಕೊಂಡೇ ಓಡಿಬಂದರು. ಫರ್ಜಾನಾ ಮೇಡಂ ನಗು ನುಂಗಿಕೊಂಡು, "ಸುರುಳಿಗೆ ಪಾಸು. ಬಣ್ಣಕ್ಕೆ ನಪಾಸು. ಮುಂದಿನ ವಾರ ಮತ್ತೆ ಮಾಡಿ ತೋರಿಸ್ಬೇಕು ಕ್ಲಿಫ್," ಎಂದಳು.

ಬೆರಿಲ್ ಗಂಡನ ತೋಳು ಹಿಡಿದು ಮಾರ್ಕೆಟ್ಟಿನ ನಡುವೆಯೇ ಮೆರವಣಿಗೆ ಹೊರಟಳು. ಮೀನಂಗಡಿಯವನು ಶಿಳ್ಳೆ ಹಾಕಿದಾಗ ಅವಳು ತಿರುಗಿ ಕೈಬೀಸಿದಳು. ಮುಂದಿನ ವಾರ ಸಲೂನಿನ ಬಾಗಿಲು ತೆರೆಯುವ ಮೊದಲೇ ಅವಳ ಚರ್ಚಿನ ಗೆಳತಿಯರು ಹೊರಗೆ ಸಾಲುಗಟ್ಟಿದ್ದರು. ಕ್ಲಿಫ್ ಮರುಪರೀಕ್ಷೆಗೆ ಅವರಲ್ಲೊಬ್ಬಳಾದ ಗ್ಲೆನಿಸ್‌ಳನ್ನು ಆರಿಸಿಕೊಂಡು, ಯಾರೊಡನೆಯೂ ತುಟಿ ಬಿಚ್ಚದೆ, ಗಡಿಯಾರದಿಂದ ಕಣ್ಣು ತೆಗೆಯದೆ ಕೆಲಸ ಮುಗಿಸಿದ. ಹದವಾದ ಬೆಳ್ಳಿಬಣ್ಣ. ಮೇಡಂ ಅವನ ಕೈ ಕುಲುಕಿದಳು.

ಗ್ಲೆನಿಸ್ ಮಾತ್ರ ಕನ್ನಡಿ ನೋಡಿ ಮುಖ ಗಂಟಿಕ್ಕಿದಳು. "ಇದೇನಪ್ಪ ಈ ಸಪ್ಪೆ ಬಣ್ಣ? ಹೆಂಡ್ತಿಗೊಂದು, ನಮಗೊಂದಾ?"

ಕ್ಲಿಫ್ ಮೇಡಂ ಮುಖ ನೋಡಿದ. ಮೇಡಂ, "ಪಾಸಾಯ್ತಲ್ಲ ಮಾರಾಯ್ರೇ, ಇನ್ನೇನು ಬೇಕಾದ್ರೂ ಮಾಡಿ," ಎಂದು ಕೈಚೆಲ್ಲಿದಳು. ಟೇಗನ್ ಆಗಲೇ ಬಟ್ಟಲಲ್ಲಿ ಗುಲಾಬಿಬಣ್ಣ ಕಲಸಲು ಶುರುಮಾಡಿದ್ದಳು.