ಅಜ್ಜಿಯ ಫೈಲು

ಪ್ರಿಂಟರಿನಿಂದ ಆಗಷ್ಟೇ ಹೊರಬಿದ್ದ ಹಾಳೆಗೆ ಒಂದು ವಾಸನೆ ಇರುತ್ತದೆ, ನೀವೂ ಮೂಸಿರುತ್ತೀರಿ. ಇಸ್ತ್ರಿ ಮಾಡಿದ ಬಟ್ಟೆಯ ಬಿಸಿ, ಜೊತೆಗೆ ಸ್ವಲ್ಪ ಸುಟ್ಟ ಘಾಟು. ಚನ್ನರಾಯಪಟ್ಟಣದ ಜೆರಾಕ್ಸ್ ಅಂಗಡಿಯಲ್ಲಿ ನಾನು ಪಾಠ ಮಾಡುವ ಎಂಟನೇ ಕ್ಲಾಸಿನ ಕನ್ನಡ ಪ್ರಶ್ನೆಪತ್ರಿಕೆ ತೆಗೆಸುತ್ತಾ ನಿಂತಿದ್ದಾಗ ಆ ವಾಸನೆ ಮೂಗಿಗೆ ಬಡಿಯಿತು, ಹೊಳೆನರಸೀಪುರದ ನಮ್ಮ ಮನೆಯ ಮುಂದಿನ ಕೋಣೆ ಇದ್ದಕ್ಕಿದ್ದ ಹಾಗೆ ಕಣ್ಣೆದುರು ಬಂತು. ಅಪ್ಪ ಅಲ್ಲಿ ಡಿಟಿಪಿ ಅಂಗಡಿ ಇಟ್ಟಿದ್ದ. ಸುತ್ತಲ ಹಳ್ಳಿಗಳ ಲಗ್ನಪತ್ರಿಕೆ, ತಿಥಿ ಕಾರ್ಡು ಎಲ್ಲ ಅವನ ಕೈಯಲ್ಲೇ ಆಗಬೇಕು. ಆ ಕೋಣೆಗೆ ಚಪ್ಪಲಿ ಹಾಕಿಕೊಂಡು ಬರುವ ಹಾಗಿರಲಿಲ್ಲ. ಕೆಲಸ ಮುಗಿದರೆ ಕಂಪ್ಯೂಟರಿಗೆ ಬಟ್ಟೆ ಹೊದಿಸಬೇಕು, ಆಯುಧಪೂಜೆ ದಿನ ಮಾನಿಟರಿನ ಹಣೆಗೆ ಕುಂಕುಮ. ಕನ್ನಡ ಮೂಡಬೇಕಾದರೆ ಯಂತ್ರದ ಬೆನ್ನಿಗೆ ಹೆಬ್ಬೆರಳು ಗಾತ್ರದ ಒಂದು ಲಾಕು ಸಿಕ್ಕಿಸಬೇಕಿತ್ತು, ಅದಿಲ್ಲದಿದ್ದರೆ ಒಂದಕ್ಷರವೂ ಬರುತ್ತಿರಲಿಲ್ಲ. ಈಗಿನವರು ನಗಬಹುದು. ನಗಲಿ ಬಿಡಿ, ಅವರು ಫೋನನ್ನು ಬಚ್ಚಲುಮನೆಗೂ ಹೊತ್ತುಕೊಂಡು ಹೋಗುವವರು.

ಅಪ್ಪನ ತಾಯಿ, ನಮ್ಮಜ್ಜಿ, ಹಗಲೆಲ್ಲಾ ಆ ಕೋಣೆಯ ಬಾಗಿಲಲ್ಲೇ ಕೂತಿರುತ್ತಿದ್ದಳು. ಓದು ಬರಹ ಗೊತ್ತಿಲ್ಲ. ಬಾಯಲ್ಲಿ ಎಲೆಯಡಿಕೆ ಇದ್ದರೆ ಅಪ್ಪ ಒಳಗೆ ಬಿಡುತ್ತಿರಲಿಲ್ಲವಾದ್ದರಿಂದ ಹೊಸಿಲಿನ ಆಚೆ ಕಾಲು, ಈಚೆ ಕಣ್ಣು. ಊರವರ ಪತ್ರಿಕೆಗಳು ಒಂದೊಂದಾಗಿ ಆಚೆ ಬರುವುದನ್ನು ನೋಡೀ ನೋಡೀ ಒಂದು ದಿನ ಮಗನಿಗೆ ಅಂದಳಂತೆ, "ಮದ್ವೆಗೊಂದ್ ಕಿತ, ತಿಥಿಗೊಂದ್ ಕಿತ ಎಸ್ರು ಅಚ್ಚಾಯ್ತದೆ. ನಂದು ಬದ್ಕಿರೋವಾಗ್ಲೇ ಒಸಿ ಒತ್ಲಾ." ಈ ಮಾತನ್ನು ಅಪ್ಪ ಕೊನೇವರೆಗೂ ಅವಳ ಹಾಗೇ ಆಡಿ ತೋರಿಸುತ್ತಿದ್ದ, ಅದಕ್ಕೇ ನನ್ನಲ್ಲಿ ಉಳಿದಿದೆ. ಆ ಬೇಸಿಗೆ ರಜೆ ಪೂರ್ತಿ ಅಜ್ಜಿ ಹೇಳಿದಳು, ಅಪ್ಪ ಒತ್ತಿದ. ಕಟ್ಟಾಯದಿಂದ ಸೊಸೆಯಾಗಿ ಬಂದದ್ದು, ಅತ್ತೆಯ ಕಾಟ, ಹೆತ್ತದ್ದು, ಕಳಕೊಂಡದ್ದು, ಎಲ್ಲ. ನನಗಾಗ ಹನ್ನೊಂದು ವರ್ಷ. ಪಕ್ಕದ ಸ್ಟೂಲಿನ ಮೇಲೆ ನಾನೂ ಇದ್ದೆ.

ಅಜ್ಜಿ ಹೋಗಿ ಎಷ್ಟೋ ಕಾಲವಾಯಿತು. ಆಮೇಲೆ ಅಂಗಡಿ ಹೋಯಿತು, ಅಪ್ಪ ಹೋದ, ಮನೆಯನ್ನೂ ಮಾರಿದೆವು. ಅಮ್ಮ ಈಗ ನಮ್ಮ ಜೊತೆ ಚನ್ನರಾಯಪಟ್ಟಣದಲ್ಲಿದ್ದಾಳೆ. ಅವಳ ಟ್ರಂಕಿನಲ್ಲಿ ಅಪ್ಪನ ಕೈಬರಹದಲ್ಲಿ 'ಅವ್ವ' ಅಂತ ಬರೆದ ಒಂದು ಸಿಡಿ ಇತ್ತು. ಫ್ಲಾಪಿಗಳು ಕೆಡತೊಡಗಿದಾಗ ಪುಣ್ಯಾತ್ಮ ಅಜ್ಜಿಯ ಫೈಲನ್ನೊಂದು ಮರೆಯದೆ ಸಿಡಿಗೆ ಹಾಕಿಟ್ಟಿದ್ದ. ನನಗೆ ಇದ್ದ ಆಸೆ ಇಷ್ಟೇ: ಅಜ್ಜಿಯ ಮಾತನ್ನು ಅವಳು ಆಡಿದ ಹಾಗೇ ಒಂದು ಸಲ ಓದಬೇಕು. ಅವಳದ್ದು ಒಂದು ಫೋಟೋ ಇದೆ, ದನಿ ಎಲ್ಲೂ ಇಲ್ಲ. ನಮ್ಮ ಮನೆಯ ಲ್ಯಾಪ್‌ಟಾಪಿಗೆ ಸಿಡಿ ಹಾಕುವ ಬಾಯೇ ಇಲ್ಲ. ಇದ್ದದ್ದನ್ನು ಕಿತ್ತುಹಾಕಿ ಅದನ್ನೇ ಹೊಸದು ಅಂತ ಮಾರುವ ಕಾಲ ಇದು. ಕೊನೆಗೆ ಅದೇ ಜೆರಾಕ್ಸ್ ಅಂಗಡಿಯ ಹುಡುಗಿ ಒಂದು ಹಳೇ ಮೆಶೀನಿನಲ್ಲಿ ತೆರೆದಳು. ನೋಡಿದರೆ ಇಂಗ್ಲಿಷ್ ಅಕ್ಷರಗಳು, ಒಂದಕ್ಕೆ ಟೋಪಿ, ಒಂದಕ್ಕೆ ಬಾಲ, ಒಂದರ ತಲೆ ಮೇಲೆ ಎರಡು ಚುಕ್ಕೆ. ಲಾಕು ಎಂದೋ ಗುಜರಿಗೆ ಹೋಗಿತ್ತು, ಅಪ್ಪ ಬಳಸುತ್ತಿದ್ದ ಆ ಕನ್ನಡ ತಂತ್ರಾಂಶ ಮಾಡಿದವರೂ ಈಗಿಲ್ಲ. ನನಗೆ ಅಳು ಬಂತು. ಹುಡುಗಿ, "ಇರಿ ಮಿಸ್, ಇದನ್ನ ಈಗಿನ ಕನ್ನಡಕ್ಕೆ ಕನ್ವರ್ಟ್ ಮಾಡಬಹುದು" ಅಂದಳು.

ಮಾಡಿದಳು. ಸಾಲು ಸಾಲಾಗಿ ಕನ್ನಡ ಬಂತು. ಪ್ರಿಂಟ್ ಹಾಕಿಸಿ ಅಲ್ಲೇ ನಿಂತು ಓದಿದೆ. "ನಾನು ವಿವಾಹವಾಗಿ ಕಟ್ಟಾಯದಿಂದ ಎತ್ತಿನ ಗಾಡಿಯಲ್ಲಿ ಬಂದಾಗ ನನಗೆ ಹದಿಮೂರು ವರ್ಷ ವಯಸ್ಸಾಗಿತ್ತು." ಅಜ್ಜಿ ಹುಟ್ಟಿದಾರಭ್ಯ 'ವಿವಾಹ' ಅನ್ನುವ ಪದ ಆಡಿದವಳಲ್ಲ. ಅವಳ ಬಾಯಲ್ಲಿ ಹಕಾರವೇ ಇರಲಿಲ್ಲ. ಇದೇನಮ್ಮ, ನಿನ್ನ ಸಾಫ್ಟ್‌ವೇರು ಮಾತನ್ನೆಲ್ಲಾ ತಿದ್ದಿಬಿಟ್ಟಿದೆಯಲ್ಲ ಅಂತ ಹುಡುಗಿಯ ಮೇಲೆ ರೇಗಿದೆ. ಪಾಪ, ಅವಳು ನಿಧಾನವಾಗಿಯೇ ಹೇಳಿದಳು. ಇದು ಅಕ್ಷರ ಬದಲಾಯಿಸುತ್ತದೆ ಅಷ್ಟೇ, ಪದ ಮುಟ್ಟುವುದಿಲ್ಲ, ಒತ್ತಿದವರು ಹೀಗೇ ಒತ್ತಿರುತ್ತಾರೆ ಅಂತ. ಹಾಳೆಯನ್ನು ಮತ್ತೆ ಮೊದಲಿನಿಂದ ನೋಡಿದೆ. ಅಪ್ಪ ಹೀಗೆ ಒತ್ತಿರಲಿಲ್ಲ. ಅಜ್ಜಿ ಅಂದದ್ದನ್ನು ಅಂದ ಹಾಗೇ ಒತ್ತಿದ್ದ. ಪ್ರೂಫ್ ನೋಡಿದವಳು ನಾನು.

ಎಲ್ಲ ನೆನಪಾಯಿತು. ಕ್ಲಾಸಿಗೇ ಕನ್ನಡದಲ್ಲಿ ಮೊದಲು ಬರುವ ಹುಡುಗಿ ನಾನು, ಕೈಯಲ್ಲಿ ಕೆಂಪು ಪೆನ್ನು. 'ಅಂಗೆ' ಇದ್ದಲ್ಲೆಲ್ಲ 'ಹಾಗೆ' ಮಾಡಿದೆ, 'ತ್ವಾಟ' ಹೊಡೆದು 'ತೋಟ' ಬರೆದೆ. ಅಪ್ಪ ಹೆಮ್ಮೆಯಿಂದ ಬೀಗುತ್ತಾ ಒಂದೊಂದನ್ನೂ ನಾನು ತಿದ್ದಿದ ಹಾಗೆ ಒತ್ತಿ, ಹಳೆಯದರ ಮೇಲೇ ಸೇವ್ ಮಾಡಿದ. ಆ ಹಳೇ ತಂತ್ರಾಂಶವನ್ನು ನಾನು ಏನು ಬೇಕಾದರೂ ಬಯ್ಯಬಹುದು, ಆದರೆ ಅದಕ್ಕೆ ತಪ್ಪು ಸರಿ ಗೊತ್ತಿರಲಿಲ್ಲ, ಕೊಟ್ಟದ್ದನ್ನು ಇಟ್ಟುಕೊಳ್ಳುತ್ತಿತ್ತು. ತಿದ್ದುವ ಯಂತ್ರ ಆ ಮನೆಯಲ್ಲಿ ನಾನೊಬ್ಬಳೇ.

ಆರನೇ ಪುಟದಲ್ಲಿ ಹೀಗಿದೆ: "ನನ್ನ ಎರಡನೆಯ ಮಗು ಜ್ವರದಿಂದ ತೀರಿಕೊಂಡಿತು. ನನಗೆ ಬಹಳ ದುಃಖವಾಯಿತು." ಆ ದಿನ ನನಗೆ ಚೆನ್ನಾಗಿ ನೆನಪಿದೆ. ಅಜ್ಜಿ ಮಡಿಲ ಮೇಲೆ ಕೈ ಅಂಗಾತ ಮಾಡಿ ಕೂತಿದ್ದಳು. ಆ ಕೈಯನ್ನೇ ನೋಡುತ್ತಾ ಏನೋ ಒಂದು ಅಂದಳು, ಮೂರೋ ನಾಲ್ಕೋ ಪದ. ಅಪ್ಪನ ಬೆರಳು ಕೀಲಿಗಳ ಮೇಲೆ ನಿಂತೇಹೋಯಿತು, ಆಮೇಲೆ ಮೂಗು ಒರೆಸಿಕೊಂಡು ಒತ್ತಿದ. ಆ ಪದಗಳನ್ನೇ ನಾನು ಹೊಡೆದುಹಾಕಿ ಮೇಲೆ 'ಬಹಳ ದುಃಖವಾಯಿತು' ಅಂತ ದುಂಡಗೆ ಬರೆದೆ. ಅವಳ ಕೈ ನೆನಪಿದೆ, ಅಪ್ಪನ ಮುಖ ನೆನಪಿದೆ, ಮಾತು ಮಾತ್ರ ಇಲ್ಲ. ಒಂದು ವಾರ ಒದ್ದಾಡಿದೆ. ಹೀಗಂದಿರಬಹುದೇ, ಹಾಗಂದಿರಬಹುದೇ ಅಂತ, ಮಾತಾಡಿದರೆ ಬರೆದುಕೊಳ್ಳುವ ಫೋನಿಗೆ ಅವಳ ಹಾಗೆ ಹೇಳಿ ನೋಡಿದೆ. ಅದು ಎಷ್ಟು ಜಾಣ ಅಂದರೆ ನಾನು 'ಅಂಗೆ' ಅಂದರೆ 'ಅಂಗಿ' ಅಂತ ಬರೆಯಿತು, 'ಒಸಿ' ಅಂದರೆ 'ಹಸಿ' ಅಂತ ಬರೆಯಿತು. ಬೈಯಲು ಬಾಯಿ ತೆರೆದೆ. ಯಾವ ಮುಖ ಇಟ್ಟುಕೊಂಡು ಬೈಯಲಿ? ದಿನಾ ಸ್ಕೂಲಿನಲ್ಲಿ ಮಕ್ಕಳ ಕಾಪಿ ಪುಸ್ತಕಕ್ಕೆ ನಾನು ಮಾಡುವುದೂ ಅದನ್ನೇ.

ಅಮ್ಮನನ್ನು ಕೇಳಲು ಹೆದರಿಕೆಯಾಗಿ ಮುಂದೂಡುತ್ತಲೇ ಇದ್ದೆ. ಅವಳಿಗೂ ಗೊತ್ತಿಲ್ಲ ಅಂದರೆ ಇನ್ನು ಭೂಮಿಯ ಮೇಲೆ ಕೇಳಲು ಯಾರೂ ಇಲ್ಲ. ಭಾನುವಾರ ಅವರೆಕಾಯಿ ಸುಲಿಯುತ್ತಾ ಕೂತಿದ್ದಾಗ ಧೈರ್ಯ ಮಾಡಿದೆ. ಆ ಮಗು ಹೋದದ್ದಕ್ಕೆ ಅಜ್ಜಿ ಆ ದಿನ ಏನಂದಳಮ್ಮ ಅಂದೆ. ಅಮ್ಮ ಕೈಯಲ್ಲಿದ್ದ ಕಾಯಿ ಹಾಗೇ ಹಿಡಿದು ಯೋಚಿಸಿದಳು. ಅವಳಿಗೆ ಅದು ಜ್ಞಾಪಕವಿಲ್ಲ. ಅಡಿಗೆಮನೆಯಲ್ಲಿದ್ದೆನೋ ಏನೋ ಅಂದಳು.

ಇನ್ನೆರಡು ಕಾಯಿ ಸುಲಿದು ತಾನಾಗಿಯೇ, "ನೀನು ಓದಿದ್ದು ಮಾತ್ರ ಗ್ಯಾನದೆ ಕಣವ್ವ" ಅಂದಳು. ಎಲ್ಲ ತಿದ್ದಿ ಮುಗಿದ ಮೇಲೆ ಪ್ರಿಂಟ್ ತೆಗೆದು ನಾನು ಅಜ್ಜಿಗೆ ಮೊದಲಿನಿಂದ ಕೊನೆಯವರೆಗೂ ಓದಿ ಹೇಳಿದೆನಂತೆ. ಇದು ನನಗೆ ಗೊತ್ತೇ ಇರಲಿಲ್ಲ. ಅಜ್ಜಿ ಎಲೆಯಡಿಕೆ ಉಗಿದು ಬಂದು, ಸೆರಗು ಹೊದ್ದು, ಪುರಾಣ ಕೇಳುವ ಹಾಗೆ ಕೇಳಿದಳಂತೆ. ಮಗು ಸತ್ತಲ್ಲಿ ಕಣ್ಣು ಒರೆಸಿಕೊಂಡಳಂತೆ. ಪೂರ್ತಿ ಮುಗಿದ ಮೇಲೆ ನನ್ನ ಕೆನ್ನೆ ಸವರಿ ಕೇಳಿದ್ದು ಇಷ್ಟು:

"ಪಾಪ, ಯಾವೂರ ಎಂಗ್ಸವ್ವ ಅದು?"

ನಾನೂ ಅಪ್ಪನೂ ಬಿದ್ದೂ ಬಿದ್ದೂ ನಕ್ಕೆವಂತೆ.