ಪೆಟ್ಟಿಗೆಯಲ್ಲಿ ಇಲ್ಲದ ಎರಡನೇ ಸಂಪುಟ

ರಾಮದುರ್ಗದ ಮಗ್ಗಗಳು ಇನ್ನೂ ಎದ್ದಿಲ್ಲ. ಎದ್ದರೆ ಕೆಲಸ ಕೆಟ್ಟಿತು ಎಂದೇ ಲೆಕ್ಕ. ಓಣಿಯ ವಿದ್ಯುತ್ ಮಗ್ಗಗಳು ಒಮ್ಮೆಲೇ ಖಟಖಟ ಶುರುವಿಟ್ಟರೆ ಕರೆಂಟು ಕುಸಿದು ಪದ್ಮಜಾ ಅವರ ಕಂಪ್ಯೂಟರ್ ಕಣ್ಣು ಮುಚ್ಚುತ್ತದೆ. ಅದಕ್ಕೇ ಈ ಶ್ರಾವಣದ ನಸುಕಿನಲ್ಲೇ ಎದ್ದು ಪಡಸಾಲೆಯ ಮೂಲೆಯಲ್ಲಿ ಕುಳಿತಿದ್ದಾರೆ. ಪಕ್ಕದಲ್ಲಿ ಆರಿದ ಚಹಾ, ಎದುರಿಗೆ ಬೆನ್ನು ತಿರುಗಿಸಿದ ನವಿಲು.

ನವಿಲು ಇರುವುದು ಕಾಗದದ ಮೇಲೆ. ಅದು ಸೀರೆಯ ದಡಿಗೆ ಇಳಿಯಬೇಕು. ನೇಕಾರರು ಚೌಕಳಿ ಕಾಗದದ ಮೇಲೆ ಪೆನ್ಸಿಲ್ ಹಿಡಿದು ಚುಕ್ಕೆ ಚುಕ್ಕೆಯಾಗಿ ಮೂಡಿಸುತ್ತಿದ್ದ ಚಿತ್ತಾರವನ್ನು ಈಗ ಪದ್ಮಜಾ ಬರೆದ ಪ್ರೋಗ್ರಾಮು ಅಚ್ಚು ಹಾಕಿ ಕೊಡುತ್ತದೆ. ಆ ಅಚ್ಚು ನೋಡಿ ರಟ್ಟಿಗೆ ತೂತು ಕೊರೆಯುತ್ತಾರೆ, ತೂತಿನ ಪ್ರಕಾರ ಮಗ್ಗ ಎಳೆ ಎತ್ತುತ್ತದೆ. ನಿನ್ನೆ ಸುರೇಬಾನದ ನೇಕಾರ ಗಂಗಪ್ಪ ನೇಯ್ದು ನೋಡಿದ ತುಂಡಿನಲ್ಲಿ ನವಿಲುಗಳೆಲ್ಲ ಸೆರಗಿಗೆ ಬೆನ್ನು ಹಾಕಿ ನಿಂತಿದ್ದವು. ಅದು ಮದುವೆ ಸೀರೆ ಬೇರೆ!

ಮೊದಲ ಬಸ್ಸಿಗೇ ಬಂದಿಳಿದ ಗಂಗಪ್ಪ ಕಟ್ಟೆಯ ಮೇಲೆ ಕೂತಿದ್ದಾರೆ. “ಹಕ್ಕಿ ಸೆರಗ ನೋಡಬೇಕ್ರಿ ಅಕ್ಕಾರ. ಮಾರಿ ತಿರಿವಿದ್ರ ಮದಿವಿ ಮನ್ಯಾಗ ಯಾರ ಮುಟ್ತಾರ? ಇವತ್ತ ಆಗಲಿಲ್ಲಂದ್ರ ನಾ ಮತ್ತ ಪೆನ್ಸಿಲ್ ಹಿಡಿತೇನಿ” ಎನ್ನುತ್ತಾರೆ. ಬೆದರಿಕೆಯಲ್ಲ, ಇದ್ದ ಮಾತು. ಗಂಗಪ್ಪ ಪೆನ್ಸಿಲ್ ಹಿಡಿದರೆ ಅವರನ್ನು ನೋಡಿ ಸುರೇಬಾನದ ಉಳಿದವರೂ ಹಿಡಿಯುತ್ತಾರೆ. ಒಬ್ಬೊಬ್ಬರ ಮನೆ ಬಾಗಿಲಿಗೂ ಹೋಗಿ ಒಪ್ಪಿಸಿದ ಪದ್ಮಜಾ ಅವರ ವರ್ಷಗಟ್ಟಲೆಯ ಓಡಾಟ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗುತ್ತದೆ.

ಪದ್ಮಜಾ ಪುರಾಣ ಪ್ರವಚನ ಮಾಡುತ್ತಿದ್ದ ದಿಗಂಬರ ಆಚಾರ್ಯರ ಮಗಳು. ತೊಂಬತ್ತರ ದಶಕದಲ್ಲಿ ಧಾರವಾಡದಲ್ಲಿ ಕಂಪ್ಯೂಟರ್ ಕಲಿತು, ಸವದತ್ತಿಯಲ್ಲಿ ಕೆಲಕಾಲ ಕಲಿಸಿ, ಮರಳಿ ಊರಿಗೆ ಬಂದರು. ಕನ್ನಡ ಸಾಲಿಯ ಹುಡುಗಿಗೆ ಇಂಗ್ಲಿಷ್ ಕೈಪಿಡಿಗಳು ಕಬ್ಬಿಣದ ಕಡಲೆಯಾಗಿದ್ದವು. “ಪರದೆ ಮ್ಯಾಲೆ ತಪ್ಪು ಅಂತ ಬಂತಂದ್ರ ಅದು ನಂದ ತಪ್ಪು ಅಂತ ತಿಳಕೊಂಡು ಅಳ್ತಿದ್ದೆ. ಕೈಪಿಡಿ ಸುಳ್ಳು ಹೇಳ್ತದ ಅಂತ ಯಾರಿಗೆ ಗೊತ್ತಿತ್ತು?” ಎಂದು ಈಗ ನಗುತ್ತಾರೆ. ಸೂತ್ರ ಎಷ್ಟೇ ದೊಡ್ಡದಿದ್ದರೂ ಭಾಷ್ಯ ಬರೆಯದವನು ಅರ್ಧ ಪಂಡಿತ ಎಂದು ತಂದೆ ಹೇಳುತ್ತಿದ್ದರಂತೆ. ಕಂಪ್ಯೂಟರ್ ಲೋಕದ ತುಂಬ ಅಂಥ ಅರ್ಧ ಪಂಡಿತರೇ ಎಂಬುದು ಮಗಳ ದೂರು.

ಈಗಿನ ಗೋಳನ್ನೇ ನೋಡಿ. ಗಂಗಪ್ಪನವರ ಮಗ್ಗದಲ್ಲಿ ಸೀರೆಯ ಮುಂಬದಿ ಕೆಳಗಿರುತ್ತದೆ, ನೇಯುವವರ ಕಣ್ಣಿಗೆ ಬೀಳುವುದು ಹಿಂಬದಿ. ಹಾಗಾಗಿ ಚಿತ್ತಾರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿಯೇ ಅಚ್ಚು ಹಾಕಬೇಕು. ಪದ್ಮಜಾ ಅವರ ಪ್ರೋಗ್ರಾಮು ಅದನ್ನು ಸರಿಯಾಗಿಯೇ ಮಾಡುತ್ತಿತ್ತು. ಹಳೇ ಕಂಪ್ಯೂಟರ್ ಕೆಟ್ಟು, ಪ್ರೋಗ್ರಾಮ್ ಬರೆಯುವ ಹೊಸ ಪ್ಯಾಕೇಜು ಮನೆಗೆ ಬಂದದ್ದೇ ಬಂತು, ನವಿಲುಗಳು ಮುನಿಸಿಕೊಂಡವು. ಅಚ್ಚು ಹಾಕುವ ಆಜ್ಞೆಯ ಬಗ್ಗೆ ಅದರ ಕೈಪಿಡಿಯಲ್ಲಿರುವುದು ಇಷ್ಟೇ: ಅಗತ್ಯವಿದ್ದಲ್ಲಿ ಚಿತ್ರವನ್ನು ತಿರುಗಿಸುತ್ತದೆ, ವಿವರಕ್ಕೆ ಎರಡನೇ ಸಂಪುಟ ನೋಡಿ. ಪೆಟ್ಟಿಗೆಯಲ್ಲಿ ಎರಡನೇ ಸಂಪುಟವೇ ಇಲ್ಲ. ಕಂಪನಿಗೆ ಫೋನ್ ಮಾಡಿದರೆ, ಕೈಪಿಡಿ ಓದಿರಿ ಎಂಬ ಉತ್ತರ.

“ಯಾರ ಅಗತ್ಯ? ನಂದೋ, ಗಂಗಪ್ಪನವರದೋ, ನವಿಲಿಂದೋ?” ಪದ್ಮಜಾ ಮೇಜು ಕುಟ್ಟುತ್ತಾರೆ. ಹೊಸ ಪ್ಯಾಕೇಜನ್ನು ಮೊದಲೇ ಪರೀಕ್ಷೆ ಮಾಡಿರಲಿಲ್ಲವೇ ಎಂದರೆ ನಾಲಿಗೆ ಕಚ್ಚಿಕೊಳ್ಳುತ್ತಾರೆ. ಮಾಡಿದ್ದರು, ಆದರೆ ಇಲ್ಲಿ ಎಲ್ಲರೂ ನೇಯುವ ಗೋಪುರದ ಚಿತ್ತಾರ ಹಾಕಿ. “ಗೋಪುರಕ್ಕ ಎಡ ಯಾವುದು, ಬಲ ಯಾವುದು? ತಿರುಗಿದ್ರೂ ಗೋಪುರನ. ನಾ ಶ್ಯಾಣ್ಯಾಕಿ, ಅದನ್ನ ನೋಡಿ ಎಲ್ಲಾ ಸರಿ ಅದ ಅಂದೆ!”

ಈ ಸಲ ಒಂದು ಸಣ್ಣ ನವಿಲನ್ನು ಅಚ್ಚಿಗೆ ಬಿಡುತ್ತಾರೆ. ಸರಿಯಾಗಿ ನಿಲ್ಲುತ್ತದೆ! ದೊಡ್ಡದನ್ನು ಬಿಡುತ್ತಾರೆ, ಮತ್ತೆ ಬೆನ್ನು. ಅದೇ ಹಕ್ಕಿ, ಅದೇ ಆಜ್ಞೆ. ಪ್ರಿಂಟರ್ ಕಿರುಚುತ್ತದೆ, ಕಾಗದಗಳು ನೆಲದ ತುಂಬ ಹರಡುತ್ತವೆ. ಹೊರಗೆ ಬೆಳಕು ಹರಿಯುತ್ತಿದೆ, ಗಂಗಪ್ಪ ರಸ್ತೆ ನೋಡುತ್ತಿದ್ದಾರೆ. ಕಸ ಗುಡಿಸಲು ಬಂದ ತಾಯಿ ರಾಧಾಬಾಯಿ ಕಾಗದಗಳನ್ನು ಆಯ್ದುಕೊಳ್ಳುತ್ತಾ ಗೊಣಗುತ್ತಾರೆ: “ಒಂದು ಉದ್ದ ನಿಂತದ, ಒಂದು ಅಡ್ಡ ಮಲಗ್ಯದ. ಹೆಂಗ ಜೋಡಿಸ್ಲಿ ಪದ್ದಿ?”

ಪದ್ಮಜಾ ಕುರ್ಚಿ ಬೀಳುವಂತೆ ಎದ್ದು ನಿಲ್ಲುತ್ತಾರೆ. “ಅವ್ವಾ! ಅಡ್ಡ! ಅಡ್ಡ ಇಟ್ರ ತಿರುಗಿಸ್ತದ!”

ಗುಟ್ಟು ಅಷ್ಟೇ. ದೊಡ್ಡ ಚಿತ್ತಾರ ಹಿಡಿಸಲೆಂದು ಕಾಗದವನ್ನು ಅಡ್ಡ ಮಾಡಿದರೆ ಪ್ಯಾಕೇಜು ತಾನಾಗಿಯೇ ಚಿತ್ರ ತಿರುಗಿಸುತ್ತದೆ. ಪ್ರೋಗ್ರಾಮು ಅದಾಗಲೇ ತಿರುಗಿಸಿರುವುದರಿಂದ, ಎರಡು ಸಲ ತಿರುಗಿದ ಹಕ್ಕಿ ಮೊದಲಿದ್ದಂತೆಯೇ ಬಂದು ನಿಲ್ಲುತ್ತದೆ. ಪದ್ಮಜಾ ಪ್ರೋಗ್ರಾಮಿಗೆ ಹೊಸದೊಂದು ಸಾಲು ಸೇರಿಸುತ್ತಾರೆ: ಕಾಗದ ಅಡ್ಡವಿದ್ದರೆ ನೀನು ತಿರುಗಿಸಬೇಡ. ಪ್ರಿಂಟರ್ ಶುರುವಾಗುತ್ತದೆ. ಅಷ್ಟರಲ್ಲಿ ಪಕ್ಕದ ಮನೆಯ ಮಗ್ಗವೂ ಖಟಕ್ ಎನ್ನುತ್ತದೆ! ದೀಪ ಮಂಕಾಗುತ್ತದೆ, ಮೂವರೂ ಉಸಿರು ಬಿಗಿಹಿಡಿಯುತ್ತಾರೆ. ಕೊನೆಯ ಸಾಲು ಹೊರಬಿದ್ದು, ಹಿಂದೆಯೇ ಪರದೆ ಕಪ್ಪಾಗುತ್ತದೆ.

ಗಂಗಪ್ಪ ಕಾಗದವನ್ನು ಮಗುಚಿ ಸೂರ್ಯನಿಗೆ ಹಿಡಿದು ಹಿಂದಿನಿಂದ ನೋಡುತ್ತಾರೆ. ಸೀರೆಯ ಮುಂಬದಿ ಹೀಗೆಯೇ ಕಾಣಬೇಕು. ಕಾಗದ ಸುತ್ತಿ ಕಂಕುಳಲ್ಲಿಟ್ಟುಕೊಂಡು ಬಸ್ಸಿನತ್ತ ಓಡುತ್ತಾರೆ. ತೂತು ಕೊರೆದು, ರಟ್ಟು ಕಟ್ಟಿ, ಒಂದು ತುಂಡು ನೇಯ್ದು, ಸಂಜೆ ಫೋನ್ ಮಾಡುತ್ತಾರೆ. “ಅಕ್ಕಾರ, ಎಲ್ಲಾ ಹಕ್ಕಿ ಸೆರಗ ನೋಡಾಕ ಹತ್ಯಾವ್ರಿ! ಓಣಿ ಮಂದಿನೂ ನೋಡಾಕ ಬಂದೈತಿ!” ದನಿಯ ಹಿಂದೆ ಮಗ್ಗದ ಸದ್ದು ಕೇಳುತ್ತದೆ. ಪದ್ಮಜಾ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಾರೆ.

ಕರೆಂಟು ಬಂದದ್ದೇ ತಡ, ಇನ್ನೊಂದು ಕೆಲಸ. ಅವರ ಪ್ರೋಗ್ರಾಮಿನಲ್ಲಿ ಸಹಾಯದ ಕೀಲಿ ಒತ್ತಿದರೆ ಕನ್ನಡದಲ್ಲಿ, ಅದೂ ಈ ಊರಿನ ಮಾತಿನಲ್ಲಿ, ವಿವರಣೆ ಬರುತ್ತದೆ. ತಾವು ಎಡವಿದ ಕಲ್ಲುಗಳನ್ನೆಲ್ಲ ಪದ್ಮಜಾ ಅಲ್ಲಿ ಗುರುತು ಹಾಕಿಟ್ಟಿದ್ದಾರೆ. ಇಂದಿನದು: “ಕಾಗದ ಅಡ್ಡ ಇಟ್ರ ಪ್ಯಾಕೇಜು ತಾನ ಚಿತ್ರ ತಿರುಗಿಸ್ತದ. ಹೊಸ ಪ್ಯಾಕೇಜು ಪರೀಕ್ಷೆ ಮಾಡೂ ಮುಂದ ಗೋಪುರ ಅಲ್ಲ, ಹಕ್ಕಿ ಹಾಕಿ ನೋಡ್ರಿ. ಗಾಬರಿ ಆಗಬ್ಯಾಡ್ರಿ, ಇದು ನಿಮ್ಮ ತಪ್ಪಲ್ಲ.” ಕೊನೆಯ ಆ ಮೂರು ಪದ ಪ್ರತಿ ಪುಟದಲ್ಲೂ ಇವೆ. ಕಲಿಯುವ ಕಾಲಕ್ಕೆ ಅವರಿಗೆ ಯಾರೂ ಹೇಳದ ಮಾತದು.

ಆಸೆ ಏನಾದರೂ ಇದೆಯೇ ಎಂದರೆ ಕೈಪಿಡಿಯ ಧೂಳು ಕೊಡವುತ್ತಾ ನಗುತ್ತಾರೆ. “ಸಾಯೂದ್ರಾಗ ಒಮ್ಮೆ ಆ ಎರಡನೇ ಸಂಪುಟ ಕಣ್ಣಿಲೆ ನೋಡಬೇಕ್ರಿ.” ಮತ್ತೆ ಪರದೆಯತ್ತ ತಿರುಗಿ, ತುಸು ತಡೆದು ಹೇಳುತ್ತಾರೆ: “ಸಿಗಲಿಲ್ಲಂದ್ರ ಬಿಡ್ರಿ. ನಾನ ಬರೀಲಿಕ್ಕೆ ಹತ್ತೀನಲ್ಲ.”